ಏಳು ಪ್ರಶ್ನೆಗಳ ಸಂಸ್ಕೃತ

ಎಸ್ಸೆಸ್ಸೆಲ್ಸಿಯಲ್ಲಿ ನನ್ನ ಪ್ರಥಮ ಭಾಷೆ ಸಂಸ್ಕೃತ. ಆ ಕಾಲದ ಮಕ್ಕಳಿಗೆ ಕಾರಣ ಹೇಳಬೇಕಿಲ್ಲ. ಅದು 125 ಅಂಕದ ಪತ್ರಿಕೆ, ಉತ್ತರವನ್ನು ಕನ್ನಡದಲ್ಲೇ ಬರೆಯಬಹುದಿತ್ತು, ಬಾಯಿಪಾಠ ಮಾಡಿದವರಿಗೆ ಅಂಕ ಖಚಿತ. ರಾಮಃ ರಾಮೌ ರಾಮಾಃ ಎಂದು ಏಳು ವಿಭಕ್ತಿಗಳನ್ನೂ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದೆ. ಅಂಕಪಟ್ಟಿ ಕೈಗೆ ಬಂದ ದಿನ ಅಪ್ಪ ಅದನ್ನು ಗಿರಣಿಯ ಗೆಳೆಯರಿಗೆಲ್ಲ ತೋರಿಸಿ ಬಂದರು. ಆದರೆ ಅಷ್ಟು ಅಂಕ ಬಂದ ಭಾಷೆಯಲ್ಲಿ ಒಂದು ಲೋಟ ನೀರು ಕೇಳಲು ನನಗೆ ಬರುತ್ತಿರಲಿಲ್ಲ. ಕೇಳಬಹುದು ಅನ್ನುವ ಯೋಚನೆಯನ್ನೂ ಯಾರೂ ತಲೆಗೆ ಹಾಕಿರಲಿಲ್ಲ.

ನಮ್ಮದು ದಾವಣಗೆರೆಯ ಕೆ.ಟಿ.ಜೆ. ನಗರ. ಓಣಿಯ ತುಂಬ ಕನ್ನಡ, ಉರ್ದು, ಮರಾಠಿ, ತೆಲುಗು ಮಾತಾಡುವ ಮನೆಗಳು. ಮಂಡಿಪೇಟೆಗೆ ಹೋದರೆ ಮಾರ್ವಾಡಿ ಕಿವಿಗೆ ಬೀಳುತ್ತಿತ್ತು, ಸಂತೆಯ ದಿನ ತಾಂಡಾದಿಂದ ಬಂದವರ ಲಂಬಾಣಿ. ಸಂಸ್ಕೃತ ಮಾತ್ರ ಬೀದಿಯಲ್ಲಿ ಎಲ್ಲೂ ಇರಲಿಲ್ಲ. ಮದುವೆ ಮನೆಯಲ್ಲಿ, ಗುಡಿಯಲ್ಲಿ, ಯಾರೋ ಯಾರಿಗೋ ಹೇಳುತ್ತಿದ್ದ ಮಂತ್ರದಲ್ಲಿ ಅದರ ವಾಸ. ನಮ್ಮ ಮನೆಯಲ್ಲಿ ಅದೂ ಕಡಿಮೆ. ಅವ್ವ ರೊಟ್ಟಿ ಬಡಿಯುತ್ತಾ ವಚನ ಹೇಳಿಕೊಳ್ಳುವಳು. ಲಿಂಗಪೂಜೆ ಆದಮೇಲೆ ಅವಳಿಗೆ ದೇವರ ಜೊತೆ ಮಾತಾಡಲು ಕನ್ನಡ ಸಾಕಾಗಿತ್ತು.

ದಾವಣಗೆರೆ ಹೊಸ ಜಿಲ್ಲೆಯಾದದ್ದು 1997ರಲ್ಲಿ. ಅದರ ಮರುವರ್ಷದ ಬೇಸಿಗೆಯಲ್ಲಿ, ನಾನು ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾಗ, ಪಿ.ಜೆ. ಬಡಾವಣೆಯ ಶಾಲೆಯ ಗೋಡೆ ಮೇಲೆ ಕೈಬರಹದ ಕಾಗದವೊಂದನ್ನು ಅಂಟಿಸಿದ್ದರು. ಹತ್ತು ದಿನದ ಸಂಸ್ಕೃತ ಸಂಭಾಷಣ ಶಿಬಿರ, ಸಂಜೆ ಎರಡು ತಾಸು, ಶುಲ್ಕವಿಲ್ಲ, ಯಾರು ಬೇಕಾದರೂ ಬರಬಹುದು. ಕೊನೆಯ ಮಾತನ್ನು ನಿಂತು ಮತ್ತೊಮ್ಮೆ ಓದಿದೆ.

ಇಂಥ ಶಿಬಿರಗಳಿಗೆ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿದ್ದು 1981ರಲ್ಲಿ, ಚಮೂ ಕೃಷ್ಣಶಾಸ್ತ್ರಿ ಮತ್ತು ಅವರ ಗೆಳೆಯರಿಂದ. ಸಂಸ್ಕೃತವನ್ನು ವ್ಯಾಕರಣದಿಂದ ಶುರುಮಾಡದೆ ಮಾತಿನಿಂದ ಶುರುಮಾಡಬೇಕು ಅನ್ನುವುದು ಅವರ ಹಟ. ಮುಂದೆ ಅದು ಸಂಸ್ಕೃತ ಭಾರತಿ ಎಂಬ ಸಂಸ್ಥೆಯಾಗಿ ದೇಶದ ತುಂಬ ಹರಡಿತು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆ ಸಂಜೆ ತಿಳಿದದ್ದು ಇಷ್ಟೇ: ಶಾಲೆಯ ಕೋಣೆಯಲ್ಲಿ ಚಾಪೆ ಹಾಸಿದ್ದರು, ಪುಸ್ತಕ ತೆರೆಯಬೇಡಿ, ಪೆನ್ನು ಹಿಡಿಯಬೇಡಿ ಎಂದು ಸನ್ನೆ ಮಾಡಿದರು. ಕಾಲೇಜು ಮುಗಿಸಿ ಒಂದೆರಡು ವರ್ಷ ಆಗಿರಬಹುದಾದ ಹುಡುಗನೊಬ್ಬ ಎದುರು ನಿಂತು ತನ್ನ ಎದೆ ಮುಟ್ಟಿಕೊಂಡು ಹೆಸರು ಹೇಳಿದ. “ಮಮ ನಾಮ” ಅಂದ. ಆಮೇಲೆ ಮೊದಲ ಸಾಲಿನಲ್ಲಿದ್ದ ಹಿರಿಯರ ಕಡೆ ಕೈ ತೋರಿಸಿ “ಭವತಃ ನಾಮ ಕಿಮ್?” ಎಂದು ಕೇಳಿದ. ನನ್ನ ಸರದಿ ಬಂದಾಗ “ಭವತ್ಯಾಃ ನಾಮ ಕಿಮ್?” ಆಯಿತು. ಗಂಡಸರಿಗೊಂದು, ಹೆಂಗಸರಿಗೊಂದು ರೂಪ ಅನ್ನುವುದನ್ನು ಯಾರೂ ವಿವರಿಸಲಿಲ್ಲ. ಕೇಳುತ್ತಾ ಕೇಳುತ್ತಾ ಅದು ತಾನಾಗಿ ತಲೆಗೆ ಹೋಯಿತು. ಎರಡು ತಾಸಿನಲ್ಲಿ ಆತನ ಬಾಯಿಂದ ಒಂದು ಕನ್ನಡ ಮಾತೂ ಬರಲಿಲ್ಲ.

ಆ ಪಾಠಕ್ರಮದ ಹಿಂದಿನ ಲೆಕ್ಕಾಚಾರ ಎಷ್ಟು ಸೂಕ್ಷ್ಮ ಅನ್ನುವುದು ನನಗೆ ಅರ್ಥವಾಗಲು ವರ್ಷಗಳು ಹಿಡಿದವು. ಶಾಲೆಯ ಸಂಸ್ಕೃತದಲ್ಲಿ ಒಂದು ಕ್ರಿಯಾಪದಕ್ಕೆ ಒಂದು ಲಕಾರದಲ್ಲೇ, ಅಂದರೆ ಒಂದು ಕಾಲ ಅಥವಾ ವಿಧಿಯಲ್ಲೇ, ಒಂಬತ್ತು ರೂಪ. ಮೂರು ಪುರುಷ, ಮೂರು ವಚನ. ಶಿಬಿರದಲ್ಲಿ ದ್ವಿವಚನವನ್ನು ಸುಮ್ಮನೆ ಪಕ್ಕಕ್ಕಿಟ್ಟಿದ್ದರು. ‘ತ್ವಮ್’ ಬದಲು ಗೌರವದ ‘ಭವಾನ್’, ‘ಭವತೀ’ ಬಳಸಿದ್ದರಿಂದ ಮಧ್ಯಮ ಪುರುಷವೂ ಸದ್ಯಕ್ಕೆ ಬೇಕಾಗಲಿಲ್ಲ. ‘ಅವನು ಹೋಗುತ್ತಾನೆ’, ‘ತಾವು ಹೋಗುತ್ತೀರಿ’ ಎರಡಕ್ಕೂ ‘ಗಚ್ಛತಿ’ಯೇ ಸಾಕು. ನನಗೆ ‘ಗಚ್ಛಾಮಿ’, ದಯವಿಟ್ಟು ಹೋಗಿ ಅನ್ನಲು ‘ಗಚ್ಛತು’. ಹೋದೆ ಅನ್ನಲು ಗಂಡಸರಿಗೆ ‘ಗತವಾನ್’, ಹೆಂಗಸರಿಗೆ ‘ಗತವತೀ’. ಕೈಬೆರಳಲ್ಲಿ ಎಣಿಸಬಹುದಾದಷ್ಟು ರೂಪಗಳಲ್ಲಿ ಒಬ್ಬ ಮನುಷ್ಯನ ಇಡೀ ದಿನದ ಮಾತು ಮುಗಿಯುತ್ತಿತ್ತು. ಪಾಣಿನಿಯ ವ್ಯಾಕರಣವನ್ನು ಎಲ್ಲೂ ಮೀರಿರಲಿಲ್ಲ. ಹೊಸಬನಿಗೆ ಮೊದಲ ದಿನ ಬೇಕಾದಷ್ಟನ್ನು ಮಾತ್ರ ಆರಿಸಿಕೊಂಡಿದ್ದರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ‘ಸಪ್ತ ಕಕಾರ’ಗಳು. ಕಿಮ್, ಕುತ್ರ, ಕತಿ, ಕದಾ, ಕುತಃ, ಕಥಮ್, ಕಿಮರ್ಥಮ್. ಏನು, ಎಲ್ಲಿ, ಎಷ್ಟು, ಯಾವಾಗ, ಎಲ್ಲಿಂದ, ಹೇಗೆ, ಯಾಕೆ. ಶಿಕ್ಷಕರು ಒಂದೊಂದಕ್ಕೂ ಒಂದೊಂದು ಸನ್ನೆ ಕಲಿಸಿದ್ದರು. ರಟ್ಟಿನ ಗಡಿಯಾರದ ಮುಳ್ಳು ತಿರುಗಿಸಿ ಸಮಯ ಕೇಳುವರು. ಏಳೂಕಾಲಿಗೆ ಸಪಾದ, ಏಳೂವರೆಗೆ ಸಾರ್ಧ, ಎಂಟಕ್ಕೆ ಕಾಲು ಗಂಟೆ ಇದ್ದರೆ ಪಾದೋನ. ಶಿಬಿರ ಮುಗಿಯುವುದರೊಳಗೆ ನಾನು ಅಂಗಡಿಯಲ್ಲಿ ಮೆಕ್ಕೆಜೋಳದ ಚೀಲಗಳನ್ನು ಮನಸ್ಸಿನಲ್ಲೇ ಸಂಸ್ಕೃತದಲ್ಲಿ ಎಣಿಸತೊಡಗಿದ್ದೆ. ರೈತ ಬಂದು ದರ ಕೇಳಿದರೆ ಬಾಯಿ ಕನ್ನಡದಲ್ಲಿ ಉತ್ತರಿಸುತ್ತಿತ್ತು, ಒಳಗೊಂದು ದನಿ ಅದೇ ಸಂಖ್ಯೆಯನ್ನು ಸಂಸ್ಕೃತದಲ್ಲಿ ಹೇಳಿ ಸರಿಯಾಯಿತೇ ಎಂದು ನೋಡಿಕೊಳ್ಳುತ್ತಿತ್ತು.

ನಮ್ಮ ಗುಂಪಿನಲ್ಲಿ ಎಲ್ಲ ಬಗೆಯವರೂ ಇದ್ದರು. ಚೌಕಿಪೇಟೆಯ ಬಟ್ಟೆ ಅಂಗಡಿಯವರು, ಇಬ್ಬರು ಗೃಹಿಣಿಯರು, ಕಾಲೇಜು ಹುಡುಗರು. ಹರಿಹರದಿಂದ ದಿನಾ ಬರುತ್ತಿದ್ದವರು ಇಬ್ಬರು. ಒಬ್ಬರು ಅಲ್ಲಿನ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಮೇಲೆ ದುಡಿದು ನಿವೃತ್ತರಾದವರು. 1941ರಲ್ಲಿ ಆ ಕಾರ್ಖಾನೆ ಬಂದಮೇಲೆ ಹರಿಹರದಲ್ಲಿ ಲೇತ್ ಗೊತ್ತಿಲ್ಲದ ಮನೆ ಕಡಿಮೆ. ನಾವೆಲ್ಲ ಅವರನ್ನು ಯಜಮಾನ್ರೇ ಅನ್ನುತ್ತಿದ್ದೆವು. ಇನ್ನೊಬ್ಬರು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಕ್ರೈಸ್ತ ಹೆಣ್ಣುಮಗಳು, ಎಲ್ಲರಿಗೂ ಸಿಸ್ಟರ್. ಹರಿಹರದ ಆರೋಗ್ಯಮಾತೆಯ ಚರ್ಚಿಗೆ ಸೇರಿದ ಮನೆತನ. ಸೆಪ್ಟೆಂಬರ್ 8ರ ಹಬ್ಬಕ್ಕೆ ಜಾತಿ ಮತ ನೋಡದೆ ಜನ ಸೇರುವ ಚರ್ಚ್ ಅದು.

ಒಮ್ಮೆ ತರಗತಿ ಬಿಟ್ಟಮೇಲೆ ಬಸ್ಸಿಗೆ ಕಾಯುತ್ತಾ ಸಿಸ್ಟರ್ ಹೇಳಿದ ಮಾತು ನನ್ನೊಳಗೆ ಹಾಗೇ ಉಳಿದಿದೆ. “ನಮ್ ತಾತನಿಗೆ ಲ್ಯಾಟಿನ್ ಪ್ರಾರ್ಥನೆ ಪೂರ್ತಿ ಬಾಯಿಪಾಠ ಇತ್ತು ಕಣ್ರೀ. ಒಂದಕ್ಷರ ತಪ್ಪುತಿರ್ಲಿಲ್ಲ. ಆದ್ರೆ ಅದ್ರಲ್ಲಿ ಏನ್ ಹೇಳ್ತಿದೀನಿ ಅಂತ ಅವ್ರಿಗೆ ಗೊತ್ತಿರ್ಲಿಲ್ಲ. ಪೂಜೆ ಕನ್ನಡಕ್ಕೆ ಬಂದಾಗ ಕುಂತು ಅತ್ಬಿಟ್ರಂತೆ.” ಎರಡನೆಯ ವ್ಯಾಟಿಕನ್ ಮಹಾಸಭೆ, 1962ರಿಂದ 65ರವರೆಗೆ ನಡೆದದ್ದು, ಕಥೋಲಿಕ ಪೂಜೆಗೆ ಜನರ ಭಾಷೆಗಳ ಬಾಗಿಲು ತೆರೆಯಿತು. ತಾತ ಅತ್ತದ್ದು ಲ್ಯಾಟಿನ್ ಹೋಯಿತೆಂದೋ, ಅರ್ಥ ಕೊನೆಗೂ ಸಿಕ್ಕಿತೆಂದೋ ಎಂದು ಕೇಳಿದೆ. “ಎರಡೂ ಇರ್ಬೋದು” ಅಂದರು ಸಿಸ್ಟರ್. ಅರ್ಥವಾಗದೆಯೂ ಒಂದು ಭಾಷೆಯನ್ನು ಅಷ್ಟು ಪ್ರೀತಿಸಬಹುದು ಎಂದು ಆವತ್ತು ಗೊತ್ತಾಯಿತು. ಅಷ್ಟು ಪ್ರೀತಿಸಿದವರಿಗೂ ಅದರಲ್ಲಿ ನಾಲ್ಕು ಮಾತಾಡುವ ಅವಕಾಶ ಯಾರೂ ಕೊಡಲಿಲ್ಲವಲ್ಲ ಎಂದು ಸಂಕಟವಾಯಿತು.

ಯುರೋಪಿನಲ್ಲಿ ಇದಕ್ಕೆ ಬೇರೆ ದಾರಿಯೂ ಇತ್ತು ಎಂದು ಮುಂದೆ ಓದಿ ತಿಳಿದೆ. ಎರಾಸ್ಮಸ್ ಎಂಬ ಡಚ್ ವಿದ್ವಾಂಸ ಶಾಲಾ ಹುಡುಗರಿಗೆ ಲ್ಯಾಟಿನ್ ಮಾತು ಕಲಿಸಲೆಂದು ಬರೆದ ಸಂಭಾಷಣೆಗಳು 1518ರಲ್ಲಿ ಅಚ್ಚಾದವು. ಎದುರಾದವರಿಗೆ ನಮಸ್ಕಾರ ಹೇಳುವುದು ಹೇಗೆ, ಕ್ಷೇಮ ವಿಚಾರಿಸುವುದು ಹೇಗೆ, ಬೀಳ್ಕೊಡುವುದು ಹೇಗೆ ಅನ್ನುವುದರಿಂದ ಆ ಪುಸ್ತಕ ಶುರುವಾಗುತ್ತದೆ. ನಮ್ಮಲ್ಲೂ ಈ ಕೆಲಸ ಹಳೆಯದೇ. ಹನ್ನೆರಡನೆಯ ಶತಮಾನದಲ್ಲಿ ದಾಮೋದರ ಪಂಡಿತ ತನ್ನ ಸೀಮೆಯ ಆಡುಮಾತಿನ ಮೂಲಕ ಸಂಸ್ಕೃತ ಕಲಿಸಲು ಉಕ್ತಿವ್ಯಕ್ತಿಪ್ರಕರಣ ಬರೆದ. ಲಘುಸಿದ್ಧಾಂತಕೌಮುದಿ ಎಂಬ ವ್ಯಾಕರಣ ಪುಸ್ತಕ ಬರೆದ ವರದರಾಜ ಅಷ್ಟಕ್ಕೇ ನಿಲ್ಲದೆ ಗೀರ್ವಾಣಪದಮಂಜರಿ ಎಂಬ ಸಂಭಾಷಣೆಯ ಪುಸ್ತಕವನ್ನೂ ಬರೆದ. ವ್ಯಾಕರಣ ಬಲ್ಲ ದೊಡ್ಡವರಿಗೇ ದಿನಬಳಕೆಯ ಮಾತು ಸಣ್ಣ ಕೆಲಸ ಅನ್ನಿಸಿರಲಿಲ್ಲ.

ಶಿಬಿರದಲ್ಲಿ ಒಂದು ಪದ್ಧತಿ ಇತ್ತು. ಊರೂರು ಸುತ್ತುವ ಶಿಕ್ಷಕರಿಗೆ ದಿನಕ್ಕೊಬ್ಬ ಶಿಬಿರಾರ್ಥಿಯ ಮನೆಯಲ್ಲಿ ಊಟ. ನಮ್ಮ ಮನೆಯ ಸರದಿ ಬಂದ ರಾತ್ರಿ ಅವ್ವ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ ಮಾಡಿದ್ದಳು. ಬಂದ ಹುಡುಗ ಜಾತಿ ಕೇಳಲಿಲ್ಲ, ನಾವೂ ಕೇಳಲಿಲ್ಲ. ಗೋಡೆಗೆ ಒರಗಿ ಕೂತು ಎರಡು ರೊಟ್ಟಿ ಮುಗಿಸುವವರೆಗೆ ಸುಮ್ಮನಿದ್ದ ಅವ್ವ ಕೊನೆಗೆ ಕೇಳಿಯೇಬಿಟ್ಟಳು.

“ಅಲ್ಲಪ್ಪಾ, ಹೆಣ್ಮಕ್ಳು ಇದನ್ನ ಬಾಯಲ್ಲಿ ಆಡಂಗಿಲ್ಲ ಅಂತಿದ್ರಲ್ಲ ನಮ್ ಕಾಲದಾಗೆ? ನಮ್ಮಂಥೋರಿಗಂತೂ ಅದ್ರ ಸನೇಕ್ಕೂ ಬಿಡ್ತಿರ್ಲಿಲ್ಲ.”

ಶಿಬಿರದಲ್ಲಿ ಕನ್ನಡವಾಡದ ಆತ ಆಗ ಕನ್ನಡದಲ್ಲೇ ಉತ್ತರ ಕೊಟ್ಟ. “ಹೌದಮ್ಮ, ಬಿಡ್ತಿರ್ಲಿಲ್ಲ. ಅದು ತಪ್ಪು. ಅದಕ್ಕೇ ನಾನು ನಿಮ್ಮನೇಗೆ ಬಂದಿರೋದು. ನೀವೂ ಒಂದು ಮಾತಾಡಿ ನೋಡಿ.” ರೊಟ್ಟಿ ಬುಟ್ಟಿ ತೋರಿಸಿ ‘ಆವಶ್ಯಕಂ ವಾ?’ ಎಂದು ಹೇಳಿಕೊಟ್ಟ. ಬೇಕಾ ಎಂದರ್ಥ. ಅವ್ವ ಬಿಸಿ ರೊಟ್ಟಿಯೊಂದನ್ನು ಕೈಯಲ್ಲಿ ಹಿಡಿದು, ಸೆರಗು ಸರಿಮಾಡಿಕೊಂಡು, ನಿಧಾನವಾಗಿ “ಆವಶ್ಯಕಂ ವಾ?” ಅಂದಳು. ಆತ “ಮಾಸ್ತು, ಪರ್ಯಾಪ್ತಮ್” ಎಂದು ಕೈ ಅಡ್ಡ ಹಿಡಿದ. ಬೇಡ, ಸಾಕು. ಅವ್ವನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಉಣ್ಣುವವರ ಕೈಯನ್ನು ಅವಳು ಜೀವನವೆಲ್ಲ ಓದಿದ್ದಳು. ಆದರೂ ರೊಟ್ಟಿಯನ್ನು ತಟ್ಟೆಗೆ ಹಾಕಿಯೇ ಹಾಕಿದಳು.

ಅವ್ವ ಕೇಳಿದ್ದು ದೊಡ್ಡ ಪ್ರಶ್ನೆ. ಹಳೆಯ ಸಂಸ್ಕೃತ ನಾಟಕಗಳಲ್ಲೇ ಅದಕ್ಕೆ ಸಾಕ್ಷಿ ಇದೆ. ಶಾಕುಂತಲದಲ್ಲಿ ದುಷ್ಯಂತ ಸಂಸ್ಕೃತದಲ್ಲಿ ಮಾತಾಡುತ್ತಾನೆ, ಶಕುಂತಲೆ ಪ್ರಾಕೃತದಲ್ಲಿ. ಹೆಂಗಸರು, ಆಳುಕಾಳುಗಳು, ಬೆಸ್ತರು ಇವರ ಬಾಯಿಗೆ ಆ ಭಾಷೆ ಕೊಟ್ಟದ್ದು ತೀರ ಅಪರೂಪ. ಹನ್ನೆರಡನೆಯ ಶತಮಾನದ ಶರಣರು ಈ ಗೋಡೆಯನ್ನು ದಾಟುವ ಗೋಜಿಗೇ ಹೋಗಲಿಲ್ಲ. ಅನುಭಾವದ ಮಾತನ್ನೆಲ್ಲ ಕನ್ನಡದಲ್ಲೇ ಆಡಿದರು, ಆಡಿ ಕನ್ನಡವನ್ನು ಎತ್ತರಿಸಿದರು. ಆ ಪರಂಪರೆಯಲ್ಲಿ ಹುಟ್ಟಿದ ನಾನು ಸಂಸ್ಕೃತ ಮಾತಾಡಲು ಹೊರಟದ್ದು ಅದಕ್ಕೆ ಬೆನ್ನು ತೋರಿಸಿದಂತೆ ಅಂತ ಕೆಲವರು ಅಂದದ್ದುಂಟು. ನನಗೆ ಹಾಗೆ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸುವುದಿಲ್ಲ. ಶರಣರು ತಿರಸ್ಕರಿಸಿದ್ದು ಭಾಷೆಯೊಂದರ ಸುತ್ತ ಕಟ್ಟಿದ ಬೇಲಿಯನ್ನು. ಕಾಯಕ ಮಾಡಿದ ಕೈಯಲ್ಲಿ ರೊಟ್ಟಿ ಹಿಡಿದು ನಮ್ಮವ್ವ ಆಡಿದ ಆ ಒಂದು ಮಾತು ಬೇಲಿಯ ಒಳಗಿನದಾಗಿರಲಿಲ್ಲ.

ಶಿಬಿರದ ಭಾನುವಾರ ಎಲ್ಲರೂ ಹರಿಹರಕ್ಕೆ ಹೊರಟೆವು. ಪ್ಯಾಸೆಂಜರ್ ರೈಲು, ಅರ್ಧ ತಾಸಿನ ಹಾದಿ. ರೈಲು ಹತ್ತಿದಾಗಿನಿಂದ ಇಳಿಯುವವರೆಗೆ ಸಂಸ್ಕೃತ ಬಿಟ್ಟು ಬೇರೆ ಮಾತಿಲ್ಲ ಅನ್ನುವುದು ಕರಾರು. ಬುಟ್ಟಿ ಹೊತ್ತು ಬಂದ ಮಂಡಕ್ಕಿಯವನು ನಮ್ಮ ಮಾತು ಕೇಳಿ, “ಯಾವೂರ್ನೋರ್ರೀ ನೀವು?” ಅಂದ. ಬಟ್ಟೆ ಅಂಗಡಿಯವರು “ವಯಂ ದಾವಣಗೆರೆತಃ ಆಗಚ್ಛಾಮಃ” ಅಂದರು. ಅವನಿಗೆ ಊರ ಹೆಸರು ಸಿಕ್ಕಿತು, ಸಾಕಾಯಿತು. ಖಾರ ಮಂಡಕ್ಕಿಗೆ ನಾನು ಬೆರಳು ತೋರಿಸಿ “ಕತಿ?” ಅಂದೆ, ಅವನೂ ಬೆರಳಲ್ಲೇ ಬೆಲೆ ಹೇಳಿದ. ವ್ಯವಹಾರ ಮುಗಿಯಿತು.

ಹರಿಹರೇಶ್ವರ ಗುಡಿಯನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ಒಳಗೆ ಒಂದೇ ವಿಗ್ರಹದಲ್ಲಿ ಹರ ಮತ್ತು ಹರಿ. ಹಿಂದಿನ ಸಂಜೆ ನಮಗೆ ದಿಕ್ಕಿನ ಪದಗಳ ಪಾಠ ಆಗಿತ್ತು. ಪುರತಃ, ಪೃಷ್ಠತಃ, ವಾಮತಃ, ದಕ್ಷಿಣತಃ. ಗರ್ಭಗುಡಿಯ ಎದುರು ನಿಂತು ಶಿಕ್ಷಕರು ಕೇಳಿದರು, ದೇವರ ಬಲಕ್ಕೆ ಯಾರು? ನಾವು “ದಕ್ಷಿಣತಃ ಹರಃ, ವಾಮತಃ ಹರಿಃ” ಅಂದೆವು. ನಾನು ಚಿಕ್ಕಂದಿನಿಂದ ಎಷ್ಟೋ ಸಲ ಕೈಮುಗಿದ ಮೂರ್ತಿ. ಯಾವ ಕಡೆ ಯಾರು ಎಂದು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ಹೊಸ ಭಾಷೆ ಬಾಯಿಗೆ ಬರುವಾಗ ಹಳೆಯ ಕಣ್ಣೂ ಚುರುಕಾಗುತ್ತದೆ.

ಮಂಟಪಕ್ಕೆ ಬಂದಾಗ ಯಜಮಾನರು ಒಂದು ಕಂಬದ ಹತ್ತಿರ ನಿಂತುಬಿಟ್ಟರು. ನುಣುಪಾಗಿ ಕಡೆದ ಕಂಬ, ಬಳೆ ಬಳೆಯಾಗಿ ಏರಿಳಿದ ಅಂಚುಗಳು. ಅಂಗೈಯನ್ನು ಕಂಬದ ಸುತ್ತ ಮೆಲ್ಲಗೆ ಆಡಿಸಿ, ಉಗುರಿನಿಂದ ಒಂದು ಗೀರನ್ನು ಮುಟ್ಟಿ ನೋಡಿದರು. ಜೀವಮಾನವೆಲ್ಲ ಉಕ್ಕನ್ನು ತಿರುವಿದ ಕೈ ಅದು. ಹೊಯ್ಸಳರ ಕಾಲದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಇಟ್ಟಮೇಲೆ ಗಟ್ಟಿ. ಆ ಮೆದುವಿನಲ್ಲೇ ಅದನ್ನು ತಿರುಗಿಸಿ ಕಡೆಯುತ್ತಿದ್ದರು. ಯಜಮಾನರು ನಮ್ಮೆಲ್ಲರನ್ನೂ ಹತ್ತಿರ ಕರೆದರು, “ಆಗಚ್ಛಂತು”. ಲೇತ್ ಎನ್ನಲು ಅವರಿಗೆ ಪದ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಕಲಿತದ್ದರಲ್ಲೇ ಹುಡುಕಿ ಹೇಳಿದರು: “ಸ್ತಂಭಃ ಭ್ರಮತಿ. ಉಪಕರಣಂ ನ ಭ್ರಮತಿ.” ಕಂಬ ತಿರುಗುತ್ತದೆ, ಹತಾರ ತಿರುಗುವುದಿಲ್ಲ. ಒಂದು ಕೈಯನ್ನು ಕಂಬದಂತೆ ತಿರುವುತ್ತಾ, ಇನ್ನೊಂದರ ತೋರುಬೆರಳನ್ನು ಅದಕ್ಕೆ ಆನಿಸಿ ಗಟ್ಟಿಯಾಗಿ ಹಿಡಿದು ತೋರಿಸಿದರು.

ಆ ಎರಡು ವಾಕ್ಯದಲ್ಲಿ ಕಡೆಯುವ ಕಸುಬಿನ ತಿರುಳೆಲ್ಲ ಇತ್ತು. ಕಂಬದ ಬಗ್ಗೆ ಶಿಕ್ಷಕರಿಗೆ ಗೊತ್ತಿಲ್ಲದ್ದನ್ನು ಅವರ ಭಾಷೆಯಲ್ಲೇ ಅವರಿಗೆ ಕಲಿಸಿದ ಹೊತ್ತು ಅದು. ಶಿಕ್ಷಕರು ಸುಮ್ಮನೆ ತಲೆಬಾಗಿ “ಪುನಃ ವದತು” ಅಂದರು, ಮತ್ತೊಮ್ಮೆ ಹೇಳಿ. ಗುಡಿಯ ಅಂಗಳದಲ್ಲಿ ನಿಂತ ಶಾಸನಗಳು ದಾನ ಕೊಟ್ಟವರನ್ನು, ಆಳಿದವರನ್ನು ಹೊಗಳುತ್ತವೆ. ಕಂಬವನ್ನು ತಿರುವಿದವನ ಮಾತು ಅಲ್ಲಿಲ್ಲ. ಅವನ ಕಸುಬಿನವರೊಬ್ಬರು ಏಳುನೂರು ವರ್ಷಗಳಾದ ಮೇಲೆ ಬಂದು ಅದನ್ನು ಸಂಸ್ಕೃತದಲ್ಲಿ ಹೇಳಿದ್ದನ್ನು ನಾನು ನನ್ನ ಕಿವಿಯಾರೆ ಕೇಳಿದ್ದೇನೆ.

ಆಮೇಲೆ ಹೊಳೆಯ ದಂಡೆಗೆ ಹೋದೆವು. ಶಿವಮೊಗ್ಗದ ಹತ್ತಿರ ಮತ್ತೂರನ್ನು ಹಾದು ಬರುವ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿ ತುಂಗಭದ್ರೆಯಾಗಿ ಹರಿಹರಕ್ಕೆ ಬರುತ್ತದೆ. ಸಂಸ್ಕೃತ ಗ್ರಾಮವೆಂದು ಹೆಸರಾದ ಮತ್ತೂರಿನಲ್ಲಿ ಎಂಬತ್ತರ ದಶಕದಿಂದ ಮನೆಮನೆಗೂ ಮಾತು ಕಲಿಸಿದ ಕಥೆಯನ್ನು ಶಿಕ್ಷಕರು ಅಲ್ಲಿ ಕೂತು ಹೇಳಿದರು. ಪೂರ್ತಿ ಅರ್ಥವಾಗಲಿಲ್ಲ, ಎಳೆ ಮಾತ್ರ ತಪ್ಪಲಿಲ್ಲ.

ಹತ್ತು ದಿನದ ಶಿಬಿರದಿಂದ ಕಾಳಿದಾಸ ಕೈಗೆ ಸಿಗುವುದಿಲ್ಲ. ಇದನ್ನು ನಾನು ಶಿಬಿರದ ಬಗ್ಗೆ ಕೇಳುವವರಿಗೆಲ್ಲ ಹೇಳುತ್ತೇನೆ. ಬಿಟ್ಟುಹೋದ ದ್ವಿವಚನ, ಸಮಾಸ, ಲಕಾರಗಳೆಲ್ಲ ಬಾಕಿ ಇರುತ್ತವೆ, ಅವಕ್ಕೆ ಬೇರೆಯೇ ದುಡಿಮೆ ಬೇಕು. ಮಾತಾಡಲು ಜೊತೆಯಿಲ್ಲದಿದ್ದರೆ ಕಲಿತದ್ದೂ ಮಳೆಗಾಲ ಕಳೆಯುವುದರೊಳಗೆ ಜಾರಿಹೋಗುತ್ತದೆ. ನಮ್ಮಲ್ಲಿ ಕೆಲವರು ವಾರಕ್ಕೊಮ್ಮೆ ಸೇರುತ್ತಿದ್ದೆವು. ಬೆಂಗಳೂರಿನಿಂದ ಬರುವ ಸಂಭಾಷಣ ಸಂದೇಶ ಮಾಸಪತ್ರಿಕೆಯನ್ನೂ, 1970ರಿಂದ ಮೈಸೂರಿನಲ್ಲಿ ಅಚ್ಚಾಗಿ ಅಂಚೆಯಲ್ಲಿ ಬರುತ್ತಿದ್ದ ಸುಧರ್ಮಾ ದಿನಪತ್ರಿಕೆಯನ್ನೂ ಹಂಚಿಕೊಂಡು ಓದಿದೆವು. 1974ರಿಂದ ಆಕಾಶವಾಣಿಯಲ್ಲಿ ಬರುತ್ತಿರುವ ಸಂಸ್ಕೃತ ವಾರ್ತೆಯನ್ನು ನಾನು ಮುಂಜಾನೆ ಕಸ ಗುಡಿಸುತ್ತಾ ಕೇಳುತ್ತಿದ್ದೆ. ವಾರ್ತೆ ಓದುತ್ತಿದ್ದ ಬಲದೇವಾನಂದ ಸಾಗರರ ದನಿಯಲ್ಲಿ ಪ್ರಧಾನಿ, ಪ್ರವಾಹ, ಕ್ರಿಕೆಟ್ಟು ಎಲ್ಲ ಆ ಭಾಷೆಯಲ್ಲಿ ಹಾದುಹೋಗುವಾಗ ತಿಳಿಯುವುದು ದಿನದಿಂದ ದಿನಕ್ಕೆ ಒಂದಿಷ್ಟು ಹೆಚ್ಚುತ್ತಿತ್ತು. ವ್ಯಾಕರಣವನ್ನು ಮುಂದೆ ಕ್ರಮವಾಗಿ ಕಲಿತೆ. ಆಗ ಅದು ಭಾರವೆನಿಸಲಿಲ್ಲ. ಬಾಯಿಗೆ ಆಗಲೇ ಬಂದಿದ್ದ ಮಾತಿಗೆ ಕಾರಣ ಹುಡುಕುವ ಕೆಲಸವಾಗಿತ್ತು ಅದು.

2011ರ ಜನಗಣತಿಯಲ್ಲಿ ಸಂಸ್ಕೃತವನ್ನು ಮಾತೃಭಾಷೆ ಎಂದು ಬರೆಸಿದವರು ದೇಶದಲ್ಲಿ 24,821 ಮಂದಿ. ನಾನು ಆ ಲೆಕ್ಕದಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ನನ್ನ ತಾಯಿಮಾತು ಕನ್ನಡ, ಅವ್ವನ ವಚನದ ಕನ್ನಡ. ಒಂದು ಭಾಷೆಯಲ್ಲಿ ನಾಲ್ಕು ಮಾತಾಡಲು ಅದು ತಾಯಿಮಾತಾಗಬೇಕಿಲ್ಲ, ಕಲಿಸುವವರು ಮನೆಗೆ ಬಂದು ಊಟಕ್ಕೆ ಕೂರುವಷ್ಟು ಹತ್ತಿರವಾದರೆ ಸಾಕು.

ಶಿಬಿರ ಕೊಟ್ಟದ್ದರಲ್ಲಿ ನಾನು ಹೆಚ್ಚು ಬಳಸಿದ್ದು ಆ ಏಳು ಪ್ರಶ್ನೆಗಳನ್ನು, ಅದೂ ಸಂಸ್ಕೃತದ ಹೊರಗೆ. ಎಪಿಎಂಸಿ ಅಂಗಳದಲ್ಲಿ ಜೋಳ ಹಸನು ಮಾಡಲು ತಾಂಡಾದಿಂದ ಬರುತ್ತಿದ್ದ ಹೆಣ್ಣುಮಕ್ಕಳ ಜೊತೆ ವರ್ಷಗಟ್ಟಲೆ ಕೂಲಿ ಲೆಕ್ಕ ಬಿಟ್ಟು ಬೇರೆ ಮಾತಾಡಿರಲಿಲ್ಲ. ಅವರ ಭಾಷೆಯಲ್ಲಿ ಏನು, ಎಲ್ಲಿ, ಎಷ್ಟು, ಯಾವಾಗ, ಎಲ್ಲಿಂದ, ಹೇಗೆ, ಯಾಕೆ ಅನ್ನುವುದನ್ನು ಮೊದಲು ಕೇಳಿ ಕಲಿತೆ. ಪುಸ್ತಕವಿಲ್ಲ, ಪೆನ್ನಿಲ್ಲ, ವಸ್ತು ತೋರಿಸುವುದು, ಹೆಸರು ಕೇಳುವುದು, ತಿರುಗಿ ಹೇಳುವುದು. ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತು ನಮಗೆ ತರಗತಿಯಾಯಿತು. ಪಕ್ಕದ ಮನೆಯ ಚಾಚಿಯಿಂದ ಉರ್ದುವನ್ನೂ ಹೀಗೇ ಕಲಿತೆ.

ಆದ್ದರಿಂದ ಶಾಲೆ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಯಾವ ಭಾಷೆಯನ್ನಾದರೂ ಕಲಿಸಿ, ಸಂಸ್ಕೃತವಿರಲಿ, ಇಂಗ್ಲಿಷಿರಲಿ, ಬೇರೆ ನಾಡಿನಿಂದ ದುಡಿಯಲು ಬಂದವರ ಮಕ್ಕಳಿಗೆ ಕನ್ನಡವೇ ಇರಲಿ. ವಾರದಲ್ಲಿ ಒಂದು ತಾಸು ಪುಸ್ತಕ ಮುಚ್ಚಿಸಿ, ಮಕ್ಕಳನ್ನು ಎದುರುಬದುರು ಕೂರಿಸಿ, ಏಳು ಪ್ರಶ್ನೆ ಕೇಳಲು ಬಿಡಿ. ಅಂಕ ಕೊಡಬೇಡಿ. 125 ಅಂಕ ನನಗೆ ಕೊಡದಿದ್ದ ಧೈರ್ಯ ಆ ಒಂದು ತಾಸಿನಲ್ಲಿ ಸಿಗುತ್ತದೆ, ಧೈರ್ಯ ಬಂದ ಮಗು ಉಳಿದದ್ದನ್ನು ತಾನೇ ಹುಡುಕಿಕೊಂಡು ಹೋಗುತ್ತದೆ.